ಮರಳುಗಾಡಿನ ಸಂಜೆ ಸಫಾರಿ: ಹೊರಡುವ ಮುನ್ನ ತಿಳಿದಿರಲಿ

ಮರಳ ದಿಬ್ಬ ಎಂದೊಡನೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಕಾವೇರಿ ತೀರದ ತಲಕಾಡು. ಆದರೆ ಅದು ಹೊಳೆಯ ಮರಳು. ಕಣ್ಣು ಹಾಯುವವರೆಗೂ ಮರಳನ್ನೇ ಕಾಣಬೇಕೆನ್ನುವವರು ಇಂದು ದುಬೈ ವಿಮಾನ ಹತ್ತುತ್ತಾರೆ. ಅಲ್ಲಿ ಉದ್ಯೋಗದಲ್ಲಿರುವ ಮಕ್ಕಳ ಮನೆಗೆ ಹೋದ ತಂದೆ-ತಾಯಿ ಹುಲಿಕೆರೆಯವರಾಗಲಿ, ಮಂಗಳೂರಿನವರಾಗಲಿ, ಅವರ ಪ್ರವಾಸದ ಪಟ್ಟಿಯಲ್ಲಿ ಮರುಭೂಮಿ ಸಫಾರಿಗೆ ಒಂದು ಸಂಜೆ ಮೀಸಲಾಗಿಯೇ ಇರುತ್ತದೆ. ಮಕ್ಕಳು ಪ್ರೀತಿಯಿಂದ ಏರ್ಪಡಿಸುವ ಈ ವಿಹಾರ ಎಲ್ಲರ ದೇಹಕ್ಕೂ ಒಗ್ಗುವಂಥದ್ದಲ್ಲ ಎಂಬುದನ್ನು ಮೊದಲೇ ಅರಿಯುವುದು ಒಳಿತು.

ಸಂಜೆಯ ಕ್ರಮ

ಅರಬ್ಬಿ ಭಾಷೆಯಲ್ಲಿ 'ಸಫರ್' ಎಂದರೆ ಪ್ರಯಾಣ. ಆ ಪದವೇ ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ 'ಸಫಾರಿ'ಯಾಗಿ, ಅಲ್ಲಿಂದ ಇಂಗ್ಲಿಷಿನ ಮೂಲಕ ಜಗತ್ತಿಗೆಲ್ಲ ಹರಡಿತು. ಮಧ್ಯಾಹ್ನ ಮೂರರ ಸುಮಾರಿಗೆ ವಾಹನ ಮನೆ ಅಥವಾ ಹೋಟೆಲಿನ ಬಾಗಿಲಿಗೆ ಬರುತ್ತದೆ. ಹತ್ತಾ ಮಾರ್ಗದಲ್ಲಿರುವ ಲಹಬಾಬ್ ಮತ್ತು ಶಾರ್ಜಾಕ್ಕೆ ಸೇರಿದ ಅಲ್ ಬದಾಯರ್ ದಿಬ್ಬಗಳು ಇದಕ್ಕೆ ಹೆಸರಾದ ತಾಣಗಳು. ಕಬ್ಬಿಣದ ಆಕ್ಸೈಡಿನ ಲೇಪವಿರುವುದರಿಂದ ಇಲ್ಲಿನ ಮರಳು ಕೆಂಪಾಗಿ ಕಾಣುತ್ತದೆ. ದಿಬ್ಬಗಳ ಮೇಲಿನ ಸವಾರಿ, ಸೂರ್ಯಾಸ್ತ ವೀಕ್ಷಣೆ, ಶಿಬಿರದಲ್ಲಿ ಒಂಟೆ ಸವಾರಿ, ನೃತ್ಯ ಹಾಗೂ ಊಟ ಮುಗಿಸಿ ರಾತ್ರಿ ಒಂಬತ್ತರ ಹೊತ್ತಿಗೆ ನಗರಕ್ಕೆ ಮರಳಬಹುದು.

ಸವಾರಿಯ ಹಿಂದಿನ ಲೆಕ್ಕ

ಮರಳಿಗೆ ಇಳಿಯುವ ಮುನ್ನ ಚಾಲಕರು ವಾಹನ ನಿಲ್ಲಿಸಿ ಟೈರುಗಳ ಗಾಳಿ ಇಳಿಸುತ್ತಾರೆ. ರಸ್ತೆಯಲ್ಲಿ 30ರಿಂದ 35 ಪಿಎಸ್‌ಐ ಇರುವ ಒತ್ತಡವನ್ನು ಸಾಮಾನ್ಯವಾಗಿ 15ರ ಆಸುಪಾಸಿಗೆ ತರಲಾಗುತ್ತದೆ. ಆಗ ಟೈರು ಅಗಲವಾಗಿ ಹರಡಿ, ಭಾರ ಹಂಚಿಹೋಗಿ, ಚಕ್ರ ಹೂತುಕೊಳ್ಳುವುದು ತಪ್ಪುತ್ತದೆ. ಗಾಳಿ ಬೀಸುವ ಕಡೆ ದಿಬ್ಬದ ಇಳಿಜಾರು ಸೌಮ್ಯ. ಮರೆಯ ಕಡೆ ಅದು 30 ಡಿಗ್ರಿಯನ್ನು ಮೀರುವಷ್ಟು ಕಡಿದು. ಆ ಕಡಿದಾದ ಮಗ್ಗುಲಲ್ಲಿ ನೇರವಾಗಿ ಇಳಿಯಬೇಕೇ ಹೊರತು ಅಡ್ಡಡ್ಡ ಓಡಿಸಬಾರದು. ಅಡ್ಡ ಓಡಿಸಿದರೆ ವಾಹನ ಮಗುಚುವ ಅಪಾಯವುಂಟು. ಆದ್ದರಿಂದ ಪರವಾನಗಿ ಹೊಂದಿದ ಸಂಸ್ಥೆ, ಅನುಭವಿ ಚಾಲಕ, ವಾಹನದ ಒಳಗೆ ಉಕ್ಕಿನ ರಕ್ಷಣಾ ಚೌಕಟ್ಟು ಮತ್ತು ಪ್ರತಿ ಆಸನಕ್ಕೂ ಸೀಟ್ ಬೆಲ್ಟ್ ಇವೆಯೇ ಎಂದು ವಿಚಾರಿಸಿಯೇ ಹಣ ಕಟ್ಟಬೇಕು.

ಯಾರು ಹತ್ತಬಾರದು?

ದಿಬ್ಬದ ಸವಾರಿಯಲ್ಲಿ ಬೆನ್ನುಮೂಳೆ ಮತ್ತು ಕುತ್ತಿಗೆಗೆ ಮೇಲಿಂದ ಮೇಲೆ ಕುಲುಕಾಟ ತಪ್ಪಿದ್ದಲ್ಲ. ಗರ್ಭಿಣಿಯರು, ಹಸುಗೂಸುಗಳು, ಹೃದ್ರೋಗಿಗಳು, ಬೆನ್ನು-ಕುತ್ತಿಗೆಯ ತೊಂದರೆಯುಳ್ಳವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಗೆ ಒಳಗಾದವರು ಇದರಿಂದ ದೂರವಿರಬೇಕು. ಮೂಳೆ ಸವೆತವಿರುವ ಹಿರಿಯರಿಗೂ ಇದು ಸಲ್ಲದು. ಹಾಗೆಂದು ಅವರು ಮನೆಯಲ್ಲೇ ಉಳಿಯಬೇಕಾಗಿಲ್ಲ. ಮುಂಗಡವಾಗಿ ಕೇಳಿದರೆ, ದಿಬ್ಬ ಹತ್ತದೆ ನೇರವಾಗಿ ಶಿಬಿರಕ್ಕೆ ಕರೆದೊಯ್ಯುವ ವ್ಯವಸ್ಥೆಯನ್ನು ಹಲವು ಸಂಸ್ಥೆಗಳು ಮಾಡಿಕೊಡುತ್ತವೆ. ಸವಾರಿಗೆ ಹೊರಡುವವರು ಅದಕ್ಕೆ ಮುನ್ನ ಹೊಟ್ಟೆ ತುಂಬ ಉಣ್ಣದಿರುವುದು ಲೇಸು. ಸಾಹಸ ಚಟುವಟಿಕೆಗಳಿಗೆ ಪ್ರವಾಸ ವಿಮೆ ಅನ್ವಯಿಸುತ್ತದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಶಿಬಿರದಲ್ಲಿ ಕಾಣುವುದೇನು?

ಶಿಬಿರದ ಬಾಗಿಲಲ್ಲಿ ಖರ್ಜೂರ ಮತ್ತು ಏಲಕ್ಕಿಯ ಪರಿಮಳದ 'ಗಹ್ವಾ' ಕಾಫಿ ನೀಡುವುದು ಅರಬರ ನಿಜವಾದ ಆತಿಥ್ಯ ಪದ್ಧತಿ. ಯುನೆಸ್ಕೊ 2015ರಲ್ಲಿ ಈ ಕಾಫಿ ಸಂಪ್ರದಾಯವನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ವೇದಿಕೆಯಲ್ಲಿ ಕಾಣುವುದೆಲ್ಲ ಆ ನೆಲದ್ದಲ್ಲ. ಬಣ್ಣದ ಲಂಗ ತೊಟ್ಟು ಗಿರಗಿರನೆ ತಿರುಗುವ 'ತನೂರಾ' ಈಜಿಪ್ಟಿನದು. ಎಮಿರೇಟ್ಸ್‌ನ ಸ್ವಂತ ಕಲೆಯೆಂದರೆ, ಬಿದಿರ ಕೋಲು ಹಿಡಿದ ಗಂಡಸರು ಎದುರುಬದುರಾಗಿ ಸಾಲುಗಟ್ಟಿ ನಿಲ್ಲುವ 'ಅಲ್ ಅಯಾಲಾ'; 2014ರಲ್ಲಿ ಅದೂ ಯುನೆಸ್ಕೊ ಪಟ್ಟಿ ಸೇರಿದೆ. ರಂಜಾನ್ ಮಾಸದಲ್ಲಿ ಶಿಬಿರಗಳಲ್ಲಿ ಸಾಮಾನ್ಯವಾಗಿ ನೃತ್ಯ ಕಾರ್ಯಕ್ರಮ ಇರುವುದಿಲ್ಲ.

ಊಟದಲ್ಲಿ ಕೆಂಡದ ಮೇಲೆ ಸುಟ್ಟ ಮಾಂಸವೇ ಪ್ರಧಾನ. ಅನ್ನ, ದಾಲ್, ರೊಟ್ಟಿ, ಕಡಲೆಯಿಂದ ಮಾಡಿದ ಹಮ್ಮುಸ್ ಸಸ್ಯಾಹಾರಿಗಳಿಗೆ ದೊರೆಯುತ್ತವೆ. ಕಟ್ಟುನಿಟ್ಟಿನವರು ಪ್ರತ್ಯೇಕ ಅಡುಗೆಯಿದೆಯೇ ಎಂದು ಮೊದಲೇ ಕೇಳಬೇಕು.

ಮರಳಿಗೂ ಜೀವವಿದೆ

ಬರಡೆಂದು ತೋರುವ ಮರಳಿನಲ್ಲಿ ಹಲ್ಲಿ, ಕೀಟ, ಹುಲ್ಲುಗಳ ಸಂಸಾರವಿದೆ. ಅರೇಬಿಯಾದ ಬಿಳಿ ಓರಿಕ್ಸ್ ಬೇಟೆಗೆ ಸಿಲುಕಿ 1972ರ ಹೊತ್ತಿಗೆ ಕಾಡಿನಿಂದಲೇ ಕಣ್ಮರೆಯಾಗಿತ್ತು. ಸೆರೆಯಲ್ಲಿ ಬೆಳೆಸಿ ಮತ್ತೆ ಬಿಟ್ಟ ಪ್ರಾಣಿಗಳಿಂದ ಅದರ ಸಂತತಿ ಚಿಗುರಿದೆ. ದುಬೈ ಮರುಭೂಮಿ ಸಂರಕ್ಷಣಾ ಪ್ರದೇಶ ಇದರ ಒಂದು ನೆಲೆ. 2003ರಲ್ಲಿ ಸ್ಥಾಪನೆಯಾದ ಈ ಪ್ರದೇಶದ ವಿಸ್ತೀರ್ಣ 225 ಚದರ ಕಿಲೋಮೀಟರ್. ಇಲ್ಲಿ ವಾಹನಗಳಿಗೆ ಬೇಕಾದಲ್ಲಿ ನುಗ್ಗಲು ಅವಕಾಶವಿಲ್ಲ. ಕುಲುಕಾಟ ಬೇಡ, ಮರುಭೂಮಿಯನ್ನು ಶಾಂತವಾಗಿ ನೋಡಬೇಕು ಎನ್ನುವವರಿಗೆ ಇದು ತಕ್ಕ ತಾಣ.

ಬೇಸಿಗೆಯಲ್ಲಿ ಉಷ್ಣಾಂಶ 45 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ನವೆಂಬರಿನಿಂದ ಮಾರ್ಚ್‌ವರೆಗಿನ ಅವಧಿಯೇ ಸೂಕ್ತ. ಸೂರ್ಯ ಮುಳುಗಿದೊಡನೆ ಮರಳು ಬೇಗ ತಣಿಯುತ್ತದೆ. ಚಳಿಗಾಲದಲ್ಲಿ ಹೋಗುವವರಿಗೆ ಸ್ವೆಟರ್ ಬೇಕು. ಟಿಕೆಟ್ ಕಾದಿರಿಸುವಾಗ ದರದ ಜತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ದಿಬ್ಬ ಹತ್ತಲಾಗದ ಅಪ್ಪ-ಅಮ್ಮನಿಗೆ ಏನು ವ್ಯವಸ್ಥೆ? ಅದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಬೇರೆ ಸಂಸ್ಥೆಯನ್ನು ನೋಡಿಕೊಳ್ಳುವುದೇ ಜಾಣತನ.