ಹಾಲಿನ ಹೊತ್ತು ಯಾರ ಲೆಕ್ಕಕ್ಕೆ?

ಮುಧೋಳದ ನಾಯಿಗೆ ಇತಿಹಾಸ ಇದೆ. ಘೋರ್ಪಡೆ ದೊರೆಗಳು ಅದನ್ನು ಸಾಕಿದ್ದು, ಇಂಗ್ಲೆಂಡಿನ ಅರಸನಿಗೆ ಮರಿಗಳನ್ನು ಕಾಣಿಕೆ ಕೊಟ್ಟಿದ್ದು ಪುಸ್ತಕದಲ್ಲಿ ಸಿಗುತ್ತದೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ತಂದಿತು. ತಿಮ್ಮಾಪುರದಲ್ಲಿ ಅದರ ತಳಿ ಕಾಯಲು ಸಂಶೋಧನಾ ಕೇಂದ್ರವೇ ಇದೆ. ಜಮಖಂಡಿಯ ಪಟವರ್ಧನರ ಅರಮನೆಗೂ ಇತಿಹಾಸ ಇದೆ. ರನ್ನನಿಗಂತೂ ಸಾವಿರ ವರ್ಷದ್ದಿದೆ. ಆದರೆ ಅರಮನೆಯ ಗೋಡೆಗೆ ಕಲ್ಲು ಹೊತ್ತ ಹೆಂಗಸು ತನ್ನ ಹಸುಗೂಸಿಗೆ ಯಾವಾಗ ಮೊಲೆ ಕುಡಿಸಿದಳು, ಎಲ್ಲಿ ಕುಂತು ಕುಡಿಸಿದಳು, ಆ ಹೊತ್ತಿನ ಕೂಲಿ ಯಾರು ಮುರಕೊಂಡರು? ಇದನ್ನು ಬರೆದಿಟ್ಟವರಿಲ್ಲ. ಬರೆಯುವವರ ಮನೆಯಲ್ಲಿ ಅದು ಪ್ರಶ್ನೆಯೇ ಆಗಿರಲಿಲ್ಲ.

ತಾಯಿಹಾಲು ಅಮೃತ ಎಂದು ಗೋಡೆ ಮೇಲೆ ಬರೆಸುವವರು ಬಹಳ ಮಂದಿ. ಅಮೃತ ಕುಡಿಸಾಕ ಹೊತ್ತು ಬೇಕಾಗತೈತಿ ಅನ್ನೋ ಮಾತು ಮಾತ್ರ ಆ ಗೋಡೆಯ ಮೇಲೆ ಇರೋದಿಲ್ಲ.

ಮೊದಲು ಆ ಹೊತ್ತಿನ ಲೆಕ್ಕ ಹಾಕೋಣ. ಹುಟ್ಟಿದ ಕೂಸು ದಿನಕ್ಕೆ 8ರಿಂದ 12 ಸಲ ಹಾಲು ಕೇಳುತ್ತದೆ. ಸಲಕ್ಕೆ 20 ನಿಮಿಷ ಹಿಡಿದರೂ ಎರಡು ತಾಸು ನಲವತ್ತು ನಿಮಿಷದಿಂದ ನಾಲ್ಕು ತಾಸು ಆಯಿತು. ತೇಗು ಬರಿಸೋದು, ಬಟ್ಟೆ ಬದಲಿಸೋದು ಬೇರೆ. ಹಗಲು ರಾತ್ರಿ ಎಂಬ ಭೇದ ಕೂಸಿಗಿಲ್ಲ. ಎದೆಯ ಹಾಲು ಬಾವಿಯ ನೀರಿದ್ದಂತೆ. ಸೇದಿದಷ್ಟು ಊರುತ್ತದೆ, ಸೇದದೆ ಬಿಟ್ಟರೆ ಒರತೆ ಮುಚ್ಚುತ್ತದೆ. ನಾಕೈದು ತಾಸು ಕೂಸನ್ನು ಬಿಟ್ಟಿರಬೇಕಾದ ತಾಯಿಗೆ ಎದಿ ಕಲ್ಲ ಆಗತೈತಿ, ಕುಪ್ಪಸ ತೋಯತೈತಿ, ಬಾವು ಬಂದು ಜ್ವರ ಏರತೈತಿ. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಹೇಳುತ್ತಿದೆ. ಒಳ್ಳೆಯ ಮಾತು. ಆರು ತಿಂಗಳ ಕೂಲಿಯ ಮಾತು ಆ ವಾಕ್ಯದಲ್ಲಿ ಇಲ್ಲ.

ಗೌಡರ ಮನೆಯ, ಕುಲಕರ್ಣಿ ಮನೆಯ ಬಾಣಂತಿಗೆ ಈ ಹೊತ್ತು ಸಿಕ್ಕಿತ್ತು. ತವರು ಇತ್ತು, ಕತ್ತಲ ಕೋಣೆ ಇತ್ತು, ಹೊರಸಿನ ಕೆಳಗೆ ಕೆಂಡ ಇತ್ತು. ಅಂಟಿನುಂಡಿ, ಅಳವಿ ಪಾಯಸ, ಸಬ್ಬಸಗಿ ಪಲ್ಯ, ಕೊಬ್ಬರಿ, ಬೆಳ್ಳುಳ್ಳಿ, ಹಾಲು ಇಳಿಯಲೆಂದು ತಿನ್ನಿಸುವುದೆಲ್ಲ ಇತ್ತು. ಆ ಬಾಣಂತಿ ಕುಂತು ಕೂಸಿಗೆ ಕುಡಿಸಲು ಬಿಡುವು ಎಲ್ಲಿಂದ ಬಂತು? ಆ ಮನೆಗೆ ಕಟ್ಟಿಗೆ ಹೊತ್ತು ತಂದವರಿಂದ, ಹೊಲದಲ್ಲಿ ಜೋಳ ಕಿತ್ತವರಿಂದ, ದನದ ಕೊಟ್ಟಿಗೆ ಬಳಿದವರಿಂದ. ಬಹಳ ಊರುಗಳಲ್ಲಿ ಹೆರಿಗೆ ಮಾಡಿಸಿದ ಸೂಲಗಿತ್ತಿಯೂ ಕೇರಿಯವಳೇ. ಹೊಕ್ಕಳ ಬಳ್ಳಿ ಕೊಯ್ಯುವಾಗ ಅವಳ ಕೈ ಬೇಕು. ಕೂಸಿಗೆ ಹೆಸರಿಡುವ ದಿನ ಅವಳು ಹೊಸ್ತಿಲ ಆಚೆ.

ಆ ಸೂಲಗಿತ್ತಿಯ ಮಗಳು ಹಡೆದರೆ ತಿಂಗಳು ತುಂಬುವುದರೊಳಗೆ ಕಳೆ ಕೀಳಲು ಹೊಲಕ್ಕೆ ಬರಬೇಕು. ಬದುವಿನ ಬೇವಿನ ಗಿಡಕ್ಕೆ ಹಳೇ ಸೀರಿ ಕಟ್ಟಿದರೆ ಅದೇ ತೊಟ್ಟಿಲು. ಕೂಸು ಕಾಯಲು ಆರೇಳು ವರ್ಷದ ಅಕ್ಕ. ಕೂಸು ಅಳುವ ದನಿ ಕೇಳಿದ ಕೂಡಲೇ ಎದೆಯಲ್ಲಿ ಹಾಲು ಇಳಿಯುತ್ತದೆ, ಅದು ದೇಹದ ಧರ್ಮ. ಆದರೆ ಸಾಲಿನ ಧರ್ಮ ಬೇರೆ. ಎದ್ದು ಹೋದರೆ ತನ್ನ ಸಾಲು ಹಿಂದೆ ಬೀಳುತ್ತದೆ. ಹೊಲದ ಧಣಿ ನೋಡುತ್ತಿರುತ್ತಾನೆ. 'ಈಕಿನ್ನ ನಾಳೆ ಕರೀಬ್ಯಾಡ' ಅನ್ನೋ ಒಂದು ಮಾತಿಗೆ ಅಂಜಿ ಎಷ್ಟು ಕೂಸು ಅತ್ತು ಅತ್ತು ಹಂಗೇ ಮಲಗಿದವೋ!

ಬರಗಾಲದಲ್ಲಿ ಇದೂ ಇಲ್ಲ. 1876–78ರ ಬರ ಆಗಿನ ಕಲಾದಗಿ ಜಿಲ್ಲೆಯನ್ನು ತಿಂದು ಹಾಕಿತು. ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ಸರ್ಕಾರ 1877ರಲ್ಲಿ ಇಳಿಸಿ ಗೊತ್ತುಮಾಡಿದ ಕೂಲಿ ಒಂದು ಪೌಂಡು ಕಾಳು ಮತ್ತು ಒಂದಾಣೆ. ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಮೊಲೆಯೂಡಿಸುವ ತಾಯಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಿಗೆ ಬೇಕೆಂದು ಇವತ್ತಿನ ವೈದ್ಯಶಾಸ್ತ್ರ ಹೇಳುತ್ತದೆ. ಸರ್ಕಾರದ ತಕ್ಕಡಿ ಅವಳಿಗೇ ಕಡಿಮೆ ತೂಗಿತು.

ಹಾಲಿನ ಹೊತ್ತು ಕಾನೂನಿನ ಮಾತಾಗಿದ್ದು ಹೊಲದಲ್ಲಿ ಅಲ್ಲ, ಮುಂಬೈ ಗಿರಣಿಯಲ್ಲಿ. ನಮ್ಮ ಕಡೆಯಿಂದ ಸೊಲ್ಲಾಪುರ, ಮುಂಬೈ ಗಿರಣಿಗಳಿಗೆ ದುಡಿಯಲು ಹೋದವರು ಬಹಳ, ಆದ್ದರಿಂದ ಅದು ನಮ್ಮ ಕತೆಯೂ ಹೌದು. ಅಲ್ಲಿಯ ಗಿರಣಿ ಹೆಂಗಸರ ಪರಿಸ್ಥಿತಿ ನೋಡಲು ಮುಂಬೈ ಸರ್ಕಾರ ಡಾ. ಬಾರ್ನ್ಸ್ ಎಂಬ ವೈದ್ಯೆಯನ್ನು ನೇಮಿಸಿತು. 1922ರಲ್ಲಿ ಹೊರಬಂದ ಆಕೆಯ ವರದಿ ಹೇಳಿದ್ದು: ಗಿರಣಿ ಹೆಂಗಸರಿಗೆ ಹುಟ್ಟಿದ ಕೂಸುಗಳಲ್ಲಿ ನೂರಕ್ಕೆ 98ಕ್ಕೆ ಅಫೀಮು ತಿನ್ನಿಸುತ್ತಾರೆ. ಬಾಲಗೋಳಿ ಎಂಬ ಹೆಸರಿನ ಗುಳಿಗೆ ಅಂಗಡಿಯಲ್ಲಿ ಸಿಗುತ್ತಿತ್ತು. ತಾಯಿ ಬೆಳಗಿನ ಭೋಂಗಾಕ್ಕೆ ಗಿರಣಿ ಸೇರಬೇಕು, ಸಂಜೆ ತನಕ ಕೂಸು ಏಳಬಾರದು. ಇದಕ್ಕೆ ಆ ಹೆಂಗಸರ ಅಜ್ಞಾನ ಕಾರಣ ಎಂದು ಬರೆದ ಸಾಹೇಬರಿದ್ದಾರೆ, ನಮ್ಮ ಸುಧಾರಕರೂ ಇದ್ದಾರೆ. ಅಜ್ಞಾನ ಎಲ್ಲಿ ಬಂತು? ಹತ್ತು ತಾಸು ಹಾಲಿಲ್ಲದೆ ಅಳುವ ಕೂಸನ್ನು ಅಳದಂತೆ ಇಡುವ ಬೇರೆ ಉಪಾಯ ಅವರಿಗೆ ಯಾರೂ ಉಳಿಸಿರಲಿಲ್ಲ. ಗಿರಣಿಯ ಲಾಭದ ಲೆಕ್ಕದಲ್ಲಿ ಆ ಗುಳಿಗೆಯ ಪಾಲೂ ಇದೆ.

1928ರ ಜುಲೈ ತಿಂಗಳು. ಮುಂಬೈ ಶಾಸನ ಪರಿಷತ್ತಿನ ಮುಂದೆ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಬಾಬಾಸಾಹೇಬ ಅಂಬೇಡ್ಕರರು ಎದ್ದು ಅದರ ಪರವಾಗಿ ಮಾತಾಡಿದರು. ಹೆರಿಗೆಗೆ ಮುಂಚೆಯೂ ಆಮೇಲೆಯೂ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ ಎಂದರು. ಅದರ ಭಾರ ಬಹುಪಾಲು ಸರ್ಕಾರದ್ದು ನಿಜ, ಆದರೆ ಹೆಂಗಸಿನ ದುಡಿಮೆಯಿಂದ ಲಾಭ ಪಡೆಯುವ ಮಾಲಿಕ ಕೈತೊಳೆದುಕೊಳ್ಳುವ ಹಾಗಿಲ್ಲ ಎಂಬುದು ಅವರ ವಾದ. ಬಾಬಾಸಾಹೇಬರ ಚಿತ್ರಕ್ಕೆ ಹಾರ ಹಾಕುವ ನಮ್ಮ ಗೆಳೆಯರಲ್ಲೇ ಈ ಭಾಷಣದ ಸುದ್ದಿ ಗೊತ್ತಿಲ್ಲದವರು ಎಷ್ಟೋ ಮಂದಿ. ಮಹಾಡದ ಕೆರೆಯ ನೀರಿಗೆ ಅವರು ನಡೆದದ್ದು 1927, ತಾಯಂದಿರ ಪರ ಮಾತಾಡಿದ್ದು ಅದರ ಮರುವರ್ಷ. ಎರಡನ್ನೂ ಒಂದೇ ಹೋರಾಟವಾಗಿ ಓದಬೇಕು. 1929ರಲ್ಲಿ ಮುಂಬೈ ಪ್ರಾಂತಕ್ಕೆ ಕಾಯ್ದೆ ಬಂತು.

ಬಂತು, ಆದರೆ ನಮ್ಮ ಊರಿಗೆ ಬರಲಿಲ್ಲ. ಜಮಖಂಡಿ, ಮುಧೋಳ ರಾಜರ ಸಂಸ್ಥಾನಗಳು. ಬನಹಟ್ಟಿ ಜಮಖಂಡಿಯ ಪಾಲು, ಮಗ್ಗುಲಿಗೇ ಇರುವ ರಬಕವಿ ಸಾಂಗ್ಲಿ ಸಂಸ್ಥಾನದ ಪಾಲು. ಒಂದೇ ಮಗ್ಗದ ಸದ್ದು ಕೇಳುವ ಎರಡು ಪೇಟೆಗೆ ಇಬ್ಬರು ರಾಜರು! ಪ್ರಾಂತದ ಕಾಯ್ದೆ ಈ ಗಡಿಯಲ್ಲಿ ನಿಂತಿತು. ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯೊಳಗೇ ಇತ್ತು. ಆದರೆ ಕಾಯ್ದೆ ಇದ್ದದ್ದು ಕಾರ್ಖಾನೆಗೆ, ಬೀಳಗಿಯ ಹೆಂಗಸು ಇದ್ದದ್ದು ಹೊಲದಲ್ಲಿ. 1948ರಲ್ಲಿ ಸಂಸ್ಥಾನಗಳು ಮುಂಬೈ ಪ್ರಾಂತದೊಳಗೆ ಕರಗಿದವು. ರಾಜರಿಗೆ ರಾಜಧನ ಗೊತ್ತಾಯಿತು. ಅದೇ ವರ್ಷ ಕಾರ್ಖಾನೆ ಕಾಯ್ದೆ ಬಂತು: 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಗೃಹ ಇರಬೇಕು ಎಂದಿತು. 1976ರಲ್ಲಿ ಅದನ್ನು 30ಕ್ಕೆ ಇಳಿಸಿದರು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಕೂಸಿಗೆ 15 ತಿಂಗಳಾಗುವ ತನಕ ದಿನಕ್ಕೆ ಎರಡು ಸಲ ಹಾಲುಣಿಸಲು ಬಿಡುವು ಕೊಟ್ಟಿತು. ಎಷ್ಟು ಹೊತ್ತು? ನಿಯಮಗಳಲ್ಲಿ ಸಾಮಾನ್ಯವಾಗಿ ಒಂದೊಂದಕ್ಕೆ 15 ನಿಮಿಷ. ಎರಡೂ ಸೇರಿ ಅರ್ಧ ತಾಸು. ಅದಾದರೂ ಇರಲಿ ಎನ್ನೋಣ. ಆದರೆ ಕಾರ್ಖಾನೆ ಅಂದರೆ ಏನು? ವಿದ್ಯುತ್ತು ಬಳಸುವಲ್ಲಿ 10 ಜನ, ಬಳಸದಲ್ಲಿ 20 ಜನ ಇದ್ದರೆ ಕಾರ್ಖಾನೆ ಎಂದು 1948ರ ಕಾಯ್ದೆ ಗೆರೆ ಎಳೆಯಿತು.

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆದರೆ ಆ ಗೆರೆಯ ಅರ್ಥ ತಿಳಿಯುತ್ತದೆ. ಕೈಮಗ್ಗ ಹೋಗಿ ಪಾವರ್‌ಲೂಮ್ ಬಂತು. ಒಂದು ಶೆಡ್ಡಿನಲ್ಲಿ ನಾಲ್ಕು ಮಗ್ಗ, ಇನ್ನೊಂದರಲ್ಲಿ ಆರು. ಒಳಗೆ ದುಡಿಯುವವರನ್ನು ಎಣಿಸಿದರೆ ಹತ್ತು ದಾಟುವುದು ಅಪರೂಪ. ಊರ ತುಂಬ ಸಾವಿರಾರು ಮಗ್ಗ ಬಡಿಯುತ್ತವೆ, ಕಾಯ್ದೆಯ ಕಣ್ಣಿಗೆ ಕಾರ್ಖಾನೆಯೇ ಕಾಣುವುದಿಲ್ಲ.

ಹೆಂಗಸರು ಬಹುಮಟ್ಟಿಗೆ ಕಂಡಿಕಿ ಸುತ್ತುತ್ತಾರೆ. ಮನೆಯಲ್ಲೋ, ಮಾಲಿಕನ ಪಡಸಾಲೆಯಲ್ಲೋ ಕುಂತು ನೂಲು ಸುತ್ತಿ ಲಾಳಿಗೆ ಅಣಿಮಾಡುವುದು. ನೋಡಿದವರು ಅಂತಾರ: 'ಮನ್ಯಾಗ ಕುಂತು ಮಾಡೂ ಕೆಲಸ, ಕೂಸಿಗೆ ಮೊಲಿ ಕುಡಸಾಕ ಏನ್ ತ್ರಾಸ?' ಇದೇ ಮಾತನ್ನು ಲೆಕ್ಕ ಇಟ್ಟು ನೋಡಬೇಕು. ಕಂಡಿಕಿಗೆ ತೂಕದ ಮೇಲೋ ಎಣಿಕೆಯ ಮೇಲೋ ಕಾಸು, ತಾಸಿನ ಮೇಲೆ ಅಲ್ಲ. ಕೂಸನ್ನು ತೊಡೆಗೆ ಎತ್ತಿಕೊಂಡ ಕೂಡಲೇ ರಾಟಿ ನಿಲ್ಲುತ್ತದೆ, ಕಾಸೂ ನಿಲ್ಲುತ್ತದೆ. ದಿನಕ್ಕೆ ನಾಲ್ಕು ಸಲ ಎದ್ದರೆ ಒಂದು ತಾಸಿಗೂ ಮಿಕ್ಕಿ ಕೆಲಸ ಹೋಯಿತು. ಗಿರಣಿಯವಳ ಅರ್ಧ ತಾಸಿಗೆ ಕಾನೂನಿನ ಪ್ರಕಾರ ಮಾಲಿಕ ಕೂಲಿ ಕೊಡಬೇಕು. ಮನೆಯವಳ ತಾಸಿಗೆ ಅವಳೇ ಕೂಲಿ ಕೊಡುತ್ತಾಳೆ. ಮನೆ ಅಂದರೆ ಮಾಲಿಕನಿಗೆ ಬಾಡಿಗೆ ಇಲ್ಲದ ಶೆಡ್ಡು. ಶಿಶುಗೃಹದ ಖರ್ಚಿಲ್ಲ, ದೀಪದ ಖರ್ಚಿಲ್ಲ, ಹಾಲಿನ ಹೊತ್ತಿನ ಖರ್ಚಂತೂ ಇಲ್ಲವೇ ಇಲ್ಲ. ಅದಕ್ಕೇ ಆ ಕೆಲಸ ಮನೆಯಲ್ಲಿ ಉಳಿದಿದೆ. ಕೂಸಿನ ಮೂಗಿಗೆ ನೂಲಿನ ದೂಳು, ಕಿವಿಗೆ ಪಕ್ಕದ ಶೆಡ್ಡಿನ ಬಡಿತ. ನಿದ್ದೆಗೆಟ್ಟ ಕೂಸು ಮತ್ತೂ ಹೆಚ್ಚು ಸಲ ಎದೆ ಹುಡುಕುತ್ತದೆ.

ನೀರಾವರಿ ಬಂದ ಮೇಲೆ ಮುಧೋಳ, ಜಮಖಂಡಿಯ ಹೊಲ ಕಬ್ಬಾಯಿತು. ಸಮೀರವಾಡಿ, ತಿಮ್ಮಾಪುರ, ಹಿರೇಪಡಸಲಗಿ, ಎಲ್ಲ ಕಡೆ ಸಕ್ಕರೆ ಕಾರ್ಖಾನೆಯ ಚಿಮಣಿ ಎದ್ದವು. ಕಾರ್ಖಾನೆಯ ಗೇಟಿನೊಳಗೆ ಕಾಯ್ದೆ ಇದೆ. ಆದರೆ ಕಬ್ಬು ಕಡಿಯುವವಳು ಗೇಟಿನೊಳಗಿಲ್ಲ. ಅವಳು ಮುಕಾದಮನ ಗ್ಯಾಂಗಿನ ಆಳು. ಗಂಡ ಹೆಂಡತಿ ಸೇರಿ ಒಂದು ಜೋಡಿ, ಜೋಡಿಗೆ ಮುಂಗಡ, ಟನ್ನಿಗೆ ಇಷ್ಟು ದರ. ಗಂಡ ಕಡಿದರೆ ಹೆಂಡತಿ ಸೋಗಿ ಸವರಿ, ಹೊರೆ ಕಟ್ಟಿ, ತಲೆ ಮೇಲೆ ಹೊತ್ತು ಟ್ರಾಲಿಗೆ ಏರಿಸಬೇಕು. ಟ್ರಾಲಿ ರಾತ್ರಿ ಎರಡಕ್ಕೆ ಬಂದರೆ ಎರಡಕ್ಕೇ ಏಳಬೇಕು. ರವದಿಯ ಗುಡಿಸಲಲ್ಲಿ ಕೂಸು, ಹೊಲದಲ್ಲಿ ತಾಯಿ. ಅವಳು ಕೂಸಿಗೆ ಕುಡಿಸಲು ಕುಂತರೆ ಜೋಡಿ ಮುರಿಯುತ್ತದೆ, ಗಂಡನ ಕೈಯೂ ನಿಲ್ಲುತ್ತದೆ, ಮುಂಗಡ ತೀರುವುದು ಒಂದು ದಿನ ಮುಂದಕ್ಕೆ ಹೋಗುತ್ತದೆ. ಹೀಗಾಗಿ ಗಂಡನೇ ಸಿಟ್ಟಾಗುತ್ತಾನೆ. ಮಾಲಿಕ ಬೈಯುವ ಕೆಲಸವನ್ನು ಟನ್ನಿನ ದರ ಗಂಡನಿಂದಲೇ ಮಾಡಿಸುತ್ತದೆ. ನಮ್ಮ ಗಂಡಸರು ಇದನ್ನು ತಿಳಿಯಬೇಕು.

ಬೀಳಗಿಯದು ಇನ್ನೊಂದು ತರ. ಆಲಮಟ್ಟಿ ಹಿನ್ನೀರಿಗೆ ಹೊಳೆದಂಡೆಯ ಹಳ್ಳಿಗಳು ಮುಳುಗಿದವು. ಭೂಮಿ ಇದ್ದವರಿಗೆ ಪರಿಹಾರ ಬಂತು. ಆ ಭೂಮಿಯಲ್ಲಿ ಕೂಲಿ ಮಾಡಿದವರಿಗೆ ಮುಳುಗಿದ್ದು ಕೂಲಿ. ಈ ಸೀಮೆಯಿಂದ ಗೋವಾಕ್ಕೆ, ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುವ ಹೆಂಗಸರಿಗೆ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೂ 50ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಶಿಶುಗೃಹ ಎಂದೇ ಹೇಳಿತು. ಗುತ್ತಿಗೆದಾರನಿಗೂ ಎಣಿಕೆ ಬರುತ್ತದೆ.

ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಾತು ಹೇಳದಿದ್ದರೆ ಜಮಖಂಡಿ, ಮುಧೋಳದ ಮಾತು ಪೂರಾ ಆಗುವುದಿಲ್ಲ. ದೇವದಾಸಿ ಬಿಡುವುದನ್ನು 1934ರ ಮುಂಬೈ ಕಾಯ್ದೆ ತಡೆಯಿತು, 1982ರ ಕರ್ನಾಟಕ ಕಾಯ್ದೆ ಮತ್ತೆ ತಡೆಯಿತು. ಎರಡು ಸಲ ತಡೆಯಬೇಕಾಯಿತು ಎಂಬುದರಲ್ಲೇ ಅದರ ಇತಿಹಾಸ ಇದೆ. ಆ ತಾಯಿ ತವರಿನಲ್ಲೇ ಹಡೆಯುತ್ತಾಳೆ, ಆದರೆ ಅದು ಉಣ್ಣಿಸಿ ಕೂಡ್ರಿಸುವ ತವರಲ್ಲ. ಆ ಮನೆಯ ದುಡಿಮೆ ಅವಳದೇ. ಕೂಸು ಅಜ್ಜಿಯ ಮಡಿಲಲ್ಲಿ, ತಾಯಿ ಕೂಲಿಗೆ. 2017ರಲ್ಲಿ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಬಂತು: ಹೆರಿಗೆಯ ಹೊತ್ತಿನ ಕೂಲಿ ನಷ್ಟಕ್ಕೆ 5000 ರೂಪಾಯಿ. ಮೊದಲ ಅರ್ಜಿಯಲ್ಲಿ ಕೇಳಿದ್ದು ಗಂಡನ ಆಧಾರ್. ಯಲ್ಲಮ್ಮನ ಆಧಾರ್ ಎಲ್ಲಿಂದ ತರಬೇಕು? ಮುಂದೆ ಆ ನಿಯಮ ಸಡಿಲವಾಯಿತು.

ಈಗ ಹಾಲು ಹಿಂಡುವ ಪಂಪು ಬಂದಿದೆ. 1989ರಲ್ಲಿ ಮುಂಬೈಯ ಸಾಯನ್ ಆಸ್ಪತ್ರೆಯಲ್ಲಿ ತಾಯಿಹಾಲಿನ ಬ್ಯಾಂಕು ಶುರುವಾಯಿತು, ತಾಯಂದಿರು ಹಿಂಡಿಕೊಟ್ಟ ಹಾಲಿನಿಂದ ದಿನ ತುಂಬದೆ ಹುಟ್ಟಿದ ಕೂಸುಗಳು ಬದುಕಿದವು. ಒಳ್ಳೆಯ ಕೆಲಸ. ಕೇರಿಯಿಂದ ಓದಿ ನರ್ಸು, ಶಿಕ್ಷಕಿ, ಗುಮಾಸ್ತೆ ಆದ ನಮ್ಮ ಹೆಣ್ಣುಮಕ್ಕಳಿಗೆ ಪಂಪು ಬೇಕು. ಆದರೆ ಪಂಪಿಗೆ ಏನೇನು ಬೇಕು? ಒಳಚಿಲಕ ಇರುವ ಕೋಣೆ, ಕೈ ತೊಳೆಯಲು ನೀರು, ಪ್ರತಿ ಸಲ ಅದನ್ನು ತೊಳೆದು ಕುದಿಸುವ ಅನುಕೂಲ, ಮೂರು ತಾಸಿಗೊಮ್ಮೆ 20 ನಿಮಿಷ. ಹಿಂಡಿದ ಹಾಲು 25 ಡಿಗ್ರಿಯ ಕೋಣೆಯಲ್ಲಿ ನಾಲ್ಕು ತಾಸು ಇರಬಹುದು ಅಂತಾರೆ. ಏಪ್ರಿಲ್‌ನಲ್ಲಿ ನಮ್ಮ ಕಡೆ 40 ದಾಟುತ್ತದೆ. ಕೋಣೆ ಇಲ್ಲದವಳು ಶೌಚಾಲಯದಲ್ಲಿ ನಿಂತು ಹಿಂಡಿ ಚೆಲ್ಲಿ ಬರುತ್ತಾಳೆ. 2017ರ ತಿದ್ದುಪಡಿಯಲ್ಲಿ ರಜೆ 12 ವಾರದಿಂದ 26 ವಾರ ಆಯಿತು, 50 ಜನ ದುಡಿಯುವಲ್ಲಿ ಶಿಶುಗೃಹ, ದಿನಕ್ಕೆ ನಾಲ್ಕು ಸಲ ಕೂಸನ್ನು ಕಾಣುವ ಹಕ್ಕು ಬಂತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅವೇ ಮಾತು, ಅದೇ 50. ದಿನಗೂಲಿಯವಳಿಗೂ ಹೆರಿಗೆ ಸೌಲಭ್ಯ ಉಂಟು ಎಂದು 2000ದಲ್ಲಿ ಸುಪ್ರೀಂ ಕೋರ್ಟು ದಿಲ್ಲಿ ನಗರಪಾಲಿಕೆಯ ಮಸ್ಟರ್ ರೋಲ್ ಹೆಂಗಸರ ಮೊಕದ್ದಮೆಯಲ್ಲಿ ಹೇಳಿತು. ಅವರ ಹೆಸರು ಮಸ್ಟರ್ ರೋಲಿನಲ್ಲಾದರೂ ಇತ್ತು. ಕಂಡಿಕಿ ಸುತ್ತುವವಳ ಹೆಸರು ಯಾವ ರೋಲಿನಲ್ಲಿದೆ?

ಅಂಗನವಾಡಿಯಲ್ಲಿ ಕೂಡ್ರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮಕ್ಕಳನ್ನು. ಮೊಲೆ ಕುಡಿಯುವ ಕೂಸಿಗೆ ಅಲ್ಲಿ ಜಾಗವಿಲ್ಲ. 2017ರಲ್ಲಿ ಮಾತೃಪೂರ್ಣ ಯೋಜನೆ ಬಾಣಂತಿಗೆ ಮಧ್ಯಾಹ್ನ ಬಿಸಿಯೂಟ ಕೊಟ್ಟಿತು, ಅಂಗನವಾಡಿಗೆ ಬಂದು ಉಣ್ಣಬೇಕು ಎಂಬ ಕಟ್ಟಳೆಯೊಡನೆ. ಮಧ್ಯಾಹ್ನ ಅವಳು ಊರಾಚೆ ಕಬ್ಬಿನೊಳಗೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಐದು ಮಕ್ಕಳಿದ್ದರೆ ಅವರನ್ನು ನೋಡಲು ಒಬ್ಬಾಕೆಯನ್ನು ಕೂಲಿ ಕೊಟ್ಟು ನೇಮಿಸಿರಿ ಎಂದಿತ್ತು. 2023ರಲ್ಲಿ ರಾಜ್ಯ ಸರ್ಕಾರ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂಬ ಯೋಜನೆ ಸಾರಿತು. ಹೆಸರು ಚೆನ್ನಾಗಿದೆ. ಖಾತ್ರಿ ಕೆಲಸದ ಹೆಂಗಸರ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು ಅದು. ಕಬ್ಬಿನ ಗ್ಯಾಂಗು ಖಾತ್ರಿಯ ಲೆಕ್ಕದಲ್ಲಿ ಬರುವುದಿಲ್ಲ.

ಕಬ್ಬಿನ ಗ್ಯಾಂಗಿಗೆ ಇರುವ ಶಿಶುಗೃಹ ಒಂದೇ, ಆ ಆರೇಳು ವರ್ಷದ ಅಕ್ಕ. ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು, ಅತ್ತಾಗ ಕೊಳೆ ಕಬ್ಬಿನ ಚೂಪು ಕೂಳೆ ತುಳಿಯುತ್ತ ಅವ್ವನ ಸಾಲಿನ ತನಕ ಹೊತ್ತು ತಂದು, ಕುಡಿದಾದ ಮೇಲೆ ತಿರುಗಿ ಗುಡಿಸಲಿಗೆ ಒಯ್ಯುವುದು ಅವಳ ಕೆಲಸ. ಟನ್ನಿನ ದರದಲ್ಲಿ ಅವಳ ಪಾಲಿಲ್ಲ. ಅವಳ ಊರಿನ ಶಾಲೆಯ ಹಾಜರಿ ಪುಸ್ತಕ ತೆಗೆದು ನೋಡಿರಿ: ನವೆಂಬರದಿಂದ ಮಾರ್ಚಿ ತನಕ ಅವಳ ಹೆಸರಿನ ಮುಂದೆ ಬರೀ ಗೈರು, ಗೈರು, ಗೈರು.