ಮಿಸ್ಟೇರ್ 4ಎ ಯುದ್ಧವಿಮಾನ ಮತ್ತು ಅಜ್ಜಮಾಡ ದೇವಯ್ಯ

ಫ್ರಾನ್ಸಿನ ದಸ್ಸೋ ಕಂಪನಿ ತಯಾರಿಸಿದ ಈ ಬಗೆಯ ಒಂಟಿ ಆಸನದ ಜೆಟ್ ವಿಮಾನಗಳು 1957ರಿಂದ ಭಾರತೀಯ ವಾಯುಪಡೆ ಸೇರಿದವು. ನೆಲದ ಗುರಿಗಳ ಮೇಲಿನ ದಾಳಿಯೇ ಇವುಗಳ ಮುಖ್ಯ ಕೆಲಸವಾಗಿತ್ತು.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ (ಜನನ 1932) 1954ರಲ್ಲಿ ವಾಯುಪಡೆ ಸೇರಿದರು, ತರಬೇತುದಾರರೂ ಆಗಿದ್ದರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಕಾಯ್ದಿರಿಸಿದ ಪೈಲಟ್ ಆಗಿ ಮಿಸ್ಟೇರ್ ವಿಮಾನದಲ್ಲಿ ಹೊರಟರು. ಎದುರಾದದ್ದು ಶಬ್ದದ ಎರಡು ಪಟ್ಟು ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರ್. ತಮ್ಮ ವಿಮಾನಕ್ಕೆ ಪೆಟ್ಟು ಬಿದ್ದರೂ ದೇವಯ್ಯ ಅದನ್ನು ಹೊಡೆದುರುಳಿಸಿದರು, ತಾವು ಮರಳಲಿಲ್ಲ. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಸಂದಿತು.

ಗಮನಿಸಿ: ಗಾಳಿ ಒಳಸೇರುವ ಮೂತಿಯ ದೊಡ್ಡ ಬಾಯಿಯ ಕೆಳಗೆ, ಎರಡು 30 ಮಿ.ಮೀ. ಫಿರಂಗಿಗಳ ತೂತುಗಳಿವೆ.