ಕಣ್ಣಿಗೆ ಕಂಡದ್ದು ನಿರ್ಧಾರವಾದ ಬಗೆ

ರೋಗಿಗೆ ಹಾಸಿಗೆ ಹುಣ್ಣಾದರೆ ತಪ್ಪು ಸಾಮಾನ್ಯವಾಗಿ ರೋಗದ್ದಲ್ಲ, ಆರೈಕೆಯದು ಎಂದು ಫ್ಲಾರೆನ್ಸ್ ನೈಟಿಂಗೇಲ್ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದಲ್ಲಿ ಖಡಾಖಂಡಿತವಾಗಿ ಬರೆದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ತರಬೇತಿ ಶಾಲೆ ತೆರೆಯಿತು. ರೋಗಿಯನ್ನು ಗಮನವಿಟ್ಟು ನೋಡಬೇಕು, ಕಂಡದ್ದನ್ನು ಕಂಡಂತೆ ಹೇಳಬೇಕು ಎಂಬುದು ಅವರ ಪಾಠ. ಆದರೆ ಕಂಡದ್ದರ ಮೇಲೆ ತೀರ್ಮಾನ ಮಾಡುವ ಅಧಿಕಾರ ಮಾತ್ರ ಬಹುಕಾಲ ವೈದ್ಯರಲ್ಲೇ ಉಳಿಯಿತು.

ಹುಣ್ಣಿನ ಪ್ರಶ್ನೆಗೇ ಗಟ್ಟಿಯಾದ ಉತ್ತರ ಹುಡುಕಲು ನೂರು ವರ್ಷ ಬೇಕಾಯಿತು. ಇಂಗ್ಲೆಂಡಿನ ನರ್ಸ್ ಡೊರೀನ್ ನಾರ್ಟನ್ ಮತ್ತು ಸಂಗಡಿಗರು ವೃದ್ಧ ರೋಗಿಗಳ ಬಗ್ಗೆ ನಡೆಸಿದ ಅಧ್ಯಯನ 1962ರಲ್ಲಿ ಹೊರಬಂತು. ದೇಹಸ್ಥಿತಿ, ಮನಃಸ್ಥಿತಿ, ಓಡಾಟ, ಮೈ ಹೊರಳಿಸುವ ಶಕ್ತಿ, ಮಲಮೂತ್ರದ ಹಿಡಿತ ಈ ಐದಕ್ಕೂ 1ರಿಂದ 4ರವರೆಗೆ ಅಂಕ. ಒಟ್ಟು 14 ಅಥವಾ ಅದಕ್ಕಿಂತ ಕಡಿಮೆಯಾದರೆ ಹುಣ್ಣಿನ ಅಪಾಯ. ಚರ್ಮಕ್ಕೆ ಏನು ಹಚ್ಚಬೇಕು ಎಂಬುದಕ್ಕಿಂತ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದೇ ಮುಖ್ಯವಾಯಿತು. ಅದಕ್ಕೆ ಯಾವ ವೈದ್ಯರ ಚೀಟಿಯೂ ಬೇಡ. ನರ್ಸ್ ತಾನೇ ಅಳೆದು, ತಾನೇ ನಿರ್ಧರಿಸಿ, ತಾನೇ ಮಾಡಬಹುದಾದ ಕೆಲಸ ಅದು. ಶುಶ್ರೂಷಾ ಕ್ಷೇತ್ರ ತನ್ನ ಕಾಲ ಮೇಲೆ ನಿಂತದ್ದು ಇಂಥ ಅಧ್ಯಯನಗಳಿಂದ.

ಅದೇ ಹೊತ್ತಿಗೆ ಅಮೆರಿಕದಲ್ಲಿ ಐಡಾ ಜೀನ್ ಒರ್ಲಾಂಡೊ, ರೋಗಿಗೆ ಏನು ಬೇಕೆಂದು ಊಹಿಸಿ ಸುಮ್ಮನಾಗದೆ ಅವರನ್ನೇ ಕೇಳಿ ಖಚಿತಪಡಿಸಿಕೊಳ್ಳಬೇಕು ಎಂದು 1961ರಲ್ಲಿ ವಾದಿಸಿದರು. 1967ರಲ್ಲಿ ಹೆಲೆನ್ ಯೂರಾ ಮತ್ತು ಮೇರಿ ವಾಲ್ಶ್ ಶುಶ್ರೂಷೆಯ ಕೆಲಸವನ್ನು ಪರಿಶೀಲನೆ, ಯೋಜನೆ, ಕಾರ್ಯ, ಮೌಲ್ಯಮಾಪನ ಎಂಬ ಹಂತಗಳಲ್ಲಿ ವಿವರಿಸಿದರು. ಇಂದಿನ ವಿದ್ಯಾರ್ಥಿಗಳು ಬರೆಯುವ ‘ಕೇರ್ ಪ್ಲಾನ್’ ಬೆಳೆದದ್ದು ಇದೇ ದಾರಿಯಲ್ಲಿ.

ಹಂತಗಳನ್ನು ಬಾಯಿಪಾಠ ಮಾಡಿದವರೆಲ್ಲ ಒಳ್ಳೆಯ ನರ್ಸ್ ಆಗುತ್ತಾರೆಯೇ? ಪೆಟ್ರೀಷಿಯಾ ಬೆನ್ನರ್ 1984ರ ತಮ್ಮ ಪುಸ್ತಕದಲ್ಲಿ ಹೊಸಬರಿಂದ ಪರಿಣತರವರೆಗೆ ಐದು ಮಜಲುಗಳನ್ನು ಗುರುತಿಸಿದರು. ಹೊಸಬರಿಗೆ ನಿಯಮವೇ ಆಸರೆ. ಪಳಗಿದವರು ಇಡೀ ಪರಿಸ್ಥಿತಿಯನ್ನು ಒಂದೇ ನೋಟದಲ್ಲಿ ಗ್ರಹಿಸುತ್ತಾರೆ. ‘ಯಾಕೋ ಈ ರೋಗಿ ಸರಿ ಕಾಣುತ್ತಿಲ್ಲ’ ಎಂಬ ಹಿರಿಯ ಸಿಸ್ಟರ್ ಮಾತಿಗೆ ವಿದ್ವತ್ತಿನ ಮನ್ನಣೆ ಸಿಕ್ಕಿತು.

ಅಂಕಿಗೂ ಅನುಭವಕ್ಕೂ ಒಂದೇ ಹಾಳೆಯಲ್ಲಿ ಜಾಗ ಕೊಟ್ಟದ್ದು ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದ ‘ನ್ಯೂಸ್’ (ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್) ಅಂಕಪಟ್ಟಿ. ಅದರ ಪ್ರಕಾರ ಉಸಿರಾಟ ನಿಮಿಷಕ್ಕೆ 25 ಮುಟ್ಟಿದರೆ ಅದೊಂದಕ್ಕೇ 3 ಅಂಕ. ನಾಡಿ, ರಕ್ತದೊತ್ತಡ ಸರಿಯಿದ್ದರೂ ವೈದ್ಯರನ್ನು ತುರ್ತಾಗಿ ಕರೆಯಬೇಕು. ಒಟ್ಟು 7 ಆದರೆ ತುರ್ತು ತಂಡವೇ ಬರಬೇಕು. ಅಂಕ ಕಡಿಮೆಯಿದ್ದರೂ ನರ್ಸ್‌ಗೆ ಆತಂಕವೆನಿಸಿದರೆ ಕರೆಯುವ ಸ್ವಾತಂತ್ರ್ಯವಿದೆ. ಉಸಿರಾಟವೊಂದೇ ಇಷ್ಟು ತೂಗುವುದರಿಂದ ಅದನ್ನು ಅಂದಾಜಿನಲ್ಲಿ ಬರೆಯದೆ ಪೂರ್ತಿ ಒಂದು ನಿಮಿಷ ಎಣಿಸುವುದು ಕಲಿಯುವವರ ಮೊದಲ ಹೊಣೆ.

ಭಾರತದಲ್ಲಿ ಬಿ.ಎಸ್ಸಿ. ನರ್ಸಿಂಗ್ 1946ರಲ್ಲಿ ದೆಹಲಿ ಮತ್ತು ವೆಲ್ಲೂರಿನಲ್ಲಿ ಶುರುವಾಯಿತು. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪ್ರಕಟಿಸಿದ ಸೆಮಿಸ್ಟರ್ ಪಠ್ಯಕ್ರಮ ಸಾಮರ್ಥ್ಯ ಆಧಾರಿತ ಕಲಿಕೆಗೆ ಒತ್ತು ಕೊಟ್ಟು, ಬೊಂಬೆಗಳ ಮೇಲಿನ ಅಣಕು ಅಭ್ಯಾಸಕ್ಕೂ ಜಾಗ ಮಾಡಿದೆ.

ಕಲಿತದ್ದನ್ನು ವಾರ್ಡಿನಲ್ಲಿ ಬಳಸಲು ಸಮಯವೂ ಬೇಕು. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ರೋಗಿಗಳ ಬಗ್ಗೆ ಲಿಂಡಾ ಐಕೆನ್ ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ 30 ದಿನಗಳೊಳಗಿನ ಸಾವಿನ ಸಂಭವ ಶೇ. 7ರಷ್ಟು ಏರುತ್ತಿತ್ತು.